ಕರಗದ ಸತುವಿನ ಸಾಕ್ಷ್ಯ

ಹೂಟಗಳ್ಳಿಗೂ ಸಮುದ್ರಕ್ಕೂ ಬಹು ದೂರ. ಆದರೂ ಇಲ್ಲಿಯ ಕೈಗಾರಿಕಾ ಪ್ರದೇಶದಲ್ಲಿ ದುಡಿಯುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಕಳೆದ ವರ್ಷ ತನ್ನ ಊರಾದ ಮಲ್ಪೆಯಿಂದ ಹಿಂದಿರುಗುವಾಗ ಸಮುದ್ರದ ಉಪಟಳವನ್ನೇ ಚೀಲದಲ್ಲಿ ತುಂಬಿಕೊಂಡು ನಮ್ಮ ಮನೆಗೆ ಬಂದನು. ಅದರೊಳಗಿದ್ದುದು ದೋಣಿಯ ಹಿಂಬದಿಗೆ ತಗುಲಿಸುವ ಔಟ್‌ಬೋರ್ಡ್ ಎಂಜಿನ್ನಿನ ಕೆಳಗಣ ಅಲ್ಯೂಮಿನಿಯಂ ಕವಚ. ಅದರ ಮೈಯೆಲ್ಲ ಗೆದ್ದಲು ತಿಂದಂತೆ ಕುಳಿಬಿದ್ದಿತ್ತು.

"ಅಣ್ಣನ ನಾಡದೋಣಿಯದು ಸಾರ್. ವಾರಂಟಿ ಇನ್ನೂ ಮುಗಿದಿಲ್ಲ. ಉಪ್ಪುನೀರಿನ ಸವೆತ, ನೀವು ಸಿಹಿನೀರಿನಲ್ಲಿ ತೊಳೆದಿಲ್ಲ ಎಂದು ಹೇಳಿ ಮಾರಿದವರು ಕೈತೊಳೆದುಕೊಂಡರು" ಎಂದನು. ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ನಾಡದೋಣಿಯವರಿಗೆ ಅದೇ ಸಂಪಾದನೆಯ ಕಾಲ. ಆ ಕಾಲದಲ್ಲಿ ಎಂಜಿನ್ನು ಕೆಟ್ಟರೆ ಮನೆಯ ಒಲೆಗೇ ಸಂಚಕಾರ.

ಕವಚಕ್ಕೆ ಸತುವಿನ ಒಂದು ತುಂಡನ್ನು ಬಿಗಿದಿತ್ತು. "ಇದೊಂದು ಮಾತ್ರ ಹೊಸದರ ಹಾಗೆಯೇ ಇದೆ" ಎಂದು ಅವನು ಸಮಾಧಾನಪಟ್ಟುಕೊಂಡನು. ನಮಗೆ ಅನುಮಾನ ಹುಟ್ಟಿದ್ದು ಅಲ್ಲಿಯೇ.

ಸಮುದ್ರದ ನೀರಿನ ಪ್ರತಿ ಕಿಲೋಗ್ರಾಮಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುವುವು. ಅದು ಹೊಳೆಯ ನೀರಿಗಿಂತ ಬಹಳ ಚೆನ್ನಾಗಿ ವಿದ್ಯುತ್ತನ್ನು ಒಯ್ಯುತ್ತದೆ. ಒಂದಕ್ಕೊಂದು ತಗುಲಿರುವ ಎರಡು ಬೇರೆ ಲೋಹಗಳು ಅದರಲ್ಲಿ ಮುಳುಗಿದರೆ ವೋಲ್ಟಾ ಕೋಶವೊಂದು ಸಿದ್ಧವಾದಂತೆಯೇ ಸರಿ. ಉಕ್ಕಿನ ದಂಡ ಉಳಿಯುವುದು, ಅಲ್ಯೂಮಿನಿಯಂ ಕರಗುವುದು. ಇದನ್ನು ತಪ್ಪಿಸಲು ಸತುವನ್ನು ಜೊತೆಗೂಡಿಸುವರು. ಆಗ ಕರಗುವ ಸರದಿ ಅದರದು. 1824ರಲ್ಲಿ ಸರ್ ಹಂಫ್ರಿ ಡೇವಿಯು ಬ್ರಿಟಿಷ್ ಯುದ್ಧನೌಕೆಗಳ ತಾಮ್ರದ ಹೊದಿಕೆಯನ್ನು ಉಳಿಸಲು ಹೂಡಿದ ಉಪಾಯವೇ ಇದು. ತಾಮ್ರವೇನೋ ಉಳಿಯಿತು, ಆದರೆ ತಾಮ್ರದ ವಿಷ ನೀರಿಗಿಳಿಯದಾದ ಕಾರಣ ಚಿಪ್ಪುಹುಳುಗಳೂ ಪಾಚಿಯೂ ತಳಕ್ಕೆ ಮೆತ್ತಿಕೊಂಡು ಹಡಗುಗಳ ವೇಗ ಕುಂದಿತು!

ಪಠ್ಯಪುಸ್ತಕದ ಕೋಷ್ಟಕ ಬಲ್ಲ ವಾಚಕರು ಇಲ್ಲೊಂದು ಆಕ್ಷೇಪವನ್ನೆತ್ತಬಹುದು: ಅಲ್ಯೂಮಿನಿಯಮ್ಮಿನ ವಿಭವ −1.66 ವೋಲ್ಟ್, ಸತುವಿನದು −0.76, ಹಾಗಾದರೆ ಅಲ್ಯೂಮಿನಿಯಮ್ಮೇ ಮೊದಲು ಕರಗಬೇಡವೇ? ಆದರೆ ಅಲ್ಯೂಮಿನಿಯಮ್ಮಿನ ಮೇಲೆ ಆಕ್ಸೈಡಿನ ತೆಳುಪೊರೆ ಹಬ್ಬಿರುವುದರಿಂದ ಕಡಲಿನಲ್ಲಿ ಅವುಗಳ ಸ್ಥಾನ ಅದಲುಬದಲಾಗುವುದು. ಆ ಪೊರೆಯನ್ನು ಕ್ಲೋರೈಡು ಅಲ್ಲಲ್ಲಿ ಭೇದಿಸಿದ ಕಡೆ ಕುಳಿಗಳೇಳುವುವು.

ಫ್ಯಾರಡೆಯ ನಿಯಮದಂತೆ 1 ಆಂಪಿಯರ್ ಪ್ರವಾಹ 1 ಗಂಟೆ ಹರಿದರೆ 1.22 ಗ್ರಾಂ ಸತು ಕರಗಬೇಕು. ನಮ್ಮ ಮುಂದಿದ್ದ ತುಂಡು ಸವೆದೇ ಇರಲಿಲ್ಲ. ಎಂದರೆ ಅದು ಕೆಲಸವನ್ನೇ ಮಾಡಿರಲಿಲ್ಲ. ಮಲ್ಟಿಮೀಟರನ್ನು ಮೊದಲು ಕವಚದ ಒಳಮೈಯ ಬರಿಲೋಹದ ಎರಡು ಕಡೆ ತಗುಲಿಸಿದೆವು; ಒಂದು ಓಮಿಗೂ ಕಡಮೆ ತೋರಿಸಿತು. ಒಂದು ಕಡ್ಡಿಯನ್ನು ಸತುವಿಗೆ ಇಟ್ಟಾಗ ಲಕ್ಷಗಟ್ಟಲೆ ಓಮುಗಳು! ಭೂತಗನ್ನಡಿಯಲ್ಲಿ ನೋಡಲಾಗಿ, ಕವಚದ ಬಣ್ಣ ಸತುವಿನ ಅಡಿಗೂ ಬೋಲ್ಟಿನ ತೂತಿನೊಳಕ್ಕೂ ಇಳಿದಿತ್ತು. ಬಿಚ್ಚಿ ನೋಡುವ ಚಪಲವನ್ನು ಕಷ್ಟಪಟ್ಟು ತಡೆದುಕೊಂಡೆವು.

ತೊಳೆಯದಿದ್ದುದು ತಪ್ಪಲ್ಲವೆಂದು ನಾವು ಹೇಳುವುದಿಲ್ಲ. ಸಿಹಿನೀರು ಎಂಜಿನ್ನಿನ ಒಳನಾಳಗಳಲ್ಲಿ ಉಪ್ಪು ಕಟ್ಟುವುದನ್ನು ತಡೆಯುತ್ತದೆ. ಆದರೆ ಕಡಲಿನಲ್ಲಿ ಮುಳುಗಿರುವ ಹೊರಮೈಯನ್ನು ಸಂಜೆಯ ಸ್ನಾನ ಕಾಯಲಾರದು. ಅದು ಸತುವಿನ ಹೊಣೆ. ಬಣ್ಣವನ್ನು ದೋಣಿಯವರೇ ಬಳಿದಿದ್ದರೆ ಮಾತ್ರ ನಮ್ಮ ವಾದ ಬಿದ್ದುಹೋಗುವುದು. ಅಣ್ಣನವರು ಬಳಿದಿಲ್ಲವೆನ್ನುತ್ತಾರೆ, ಬೋಲ್ಟನ್ನು ಹಿಂದೆ ಬಿಚ್ಚಿದ ಗುರುತೂ ನಮಗೆ ಕಾಣಲಿಲ್ಲ. ಆದರೆ ಮೇಷ್ಟರ ಕಣ್ಣು ಪ್ರಮಾಣವಾಗದು.

2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಇಲ್ಲಿ ನೆರವಿಗೆ ಬರುತ್ತದೆ. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿ ವಸ್ತುವನ್ನು ಕೊಂಡವನೂ ಅದರ ಕಣ್ಣಿಗೆ ಗ್ರಾಹಕನೇ. ಪರೀಕ್ಷೆಯಿಲ್ಲದೆ ದೋಷವನ್ನು ನಿರ್ಧರಿಸಲಾಗದಿದ್ದರೆ ಜಿಲ್ಲಾ ಆಯೋಗವು ವಸ್ತುವಿನ ಮಾದರಿಗೆ ಮೊಹರು ಹಾಕಿ ತಕ್ಕ ಪ್ರಯೋಗಾಲಯಕ್ಕೆ ಕಳುಹಿಸಬಹುದು. ವರದಿಗೆ 45 ದಿನಗಳ ಅವಧಿ.

ಅಣ್ಣನವರು ದೂರು ಸಲ್ಲಿಸಿದ್ದಾರೆ. ತೀರ್ಮಾನ ಇನ್ನೂ ಬಂದಿಲ್ಲ. ಸಾಲಮಾಡಿ ಹೊಸ ಕವಚವನ್ನು ಹಾಕಿಸಿಕೊಂಡಾಗ ತಮ್ಮನು ರಜೆ ಹಾಕಿ ಮಲ್ಪೆಗೆ ಹೋಗಿದ್ದನು, ಜೇಬಿನಲ್ಲಿ ಮೀಟರಿಟ್ಟುಕೊಂಡು. ಸತುವಿನ ಅಡಿಯ ಬಣ್ಣವನ್ನು ತಾನೇ ಕೆರೆದು ಬೋಲ್ಟನ್ನು ಬಿಗಿದು ಅಳೆದನಂತೆ: 0.4 ಓಮ್.