ಕುಮಾರಪಟ್ಟಣಂ ಗೇಟಿನಾಚೆಯ ಪ್ರಶ್ನೆಗಳು

ಕಂಪನಿಯೊಂದು ಹೇಗೆ ನಡೆಯುತ್ತದೆ ಎಂದು ತಿಳಿಯಲು ವಿದ್ಯಾರ್ಥಿಗಳು ಹಿರಿಯ ಮ್ಯಾನೇಜರರ ಮುಂದೆ ನೋಟ್‌ಬುಕ್ ಹಿಡಿದು ಕೂರುವುದು ಈಗ ಬಿ.ಕಾಂ., ಎಂಬಿಎ ಓದಿನ ಒಂದು ಭಾಗವೇ ಆಗಿದೆ. ಕಂಪನಿ ಶುರುವಾದದ್ದು ಯಾವಾಗ, ವಿಭಾಗಗಳು ಎಷ್ಟು, ಮಾಲು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗಳು ಟೈಪಾಗಿಯೇ ಬರುತ್ತವೆ. ಸಾಹೇಬರು ಹೇಳಿದ್ದು ವರದಿಯಾಗುತ್ತದೆ, ವರದಿಗೆ ರಟ್ಟು ಬೀಳುತ್ತದೆ. ಹಾವೇರಿ, ರಾಣೆಬೆನ್ನೂರು ಕಡೆಯ ಇಂಥ ವರದಿಗಳನ್ನು ಓದುವಾಗ ‘ಕಚ್ಚಾಮಾಲು’ ಎಂಬ ತಲೆಬರಹ ಬಂದ ಕೂಡಲೇ ನನ್ನ ಕಣ್ಣು ಅಲ್ಲೇ ನಿಲ್ಲುತ್ತದೆ. ಅದರ ಕೆಳಗೆ ಒಂದೋ ಎರಡೋ ಸಾಲು ಇರುತ್ತದೆ, ಅಷ್ಟೇ. ಆ ಒಂದು ತಲೆಬರಹದ ಮೇಲೆಯೇ ಈ ಸೀಮೆಯ ಜನ ನಾಲ್ಕು ದಶಕಗಳ ಹಿಂದೆ ಸುಪ್ರೀಂ ಕೋರ್ಟಿನವರೆಗೆ ನಡೆದಿದ್ದರು.

ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಅಲ್ಲಿಯವರೆಗೆ ಇದೆಲ್ಲ ಧಾರವಾಡ ಜಿಲ್ಲೆ. ರಾಣೆಬೆನ್ನೂರು ತಾಲ್ಲೂಕಿನ ತುದಿಯಲ್ಲಿ, ತುಂಗಭದ್ರೆಯ ದಂಡೆಯ ಕುಮಾರಪಟ್ಟಣಂನಲ್ಲಿ 1970ರ ದಶಕದ ಆರಂಭಕ್ಕೆ ಬಿರ್ಲಾ ಸಮೂಹದ ಹರಿಹರ ಪಾಲಿಫೈಬರ್ಸ್ ಬಂತು. ಹರಿಹರ ಇರುವುದು ಹೊಳೆಯ ಆಚೆ. ಕಾರ್ಖಾನೆಯ ಹೆಸರು ಆ ದಂಡೆಯದು, ನೆಲ ಈ ದಂಡೆಯದು. ಕಟ್ಟಿಗೆಯನ್ನು ಚೂರು ಮಾಡಿ, ಬೇಯಿಸಿ ತಿರುಳು ತೆಗೆಯುವುದು ಇಲ್ಲಿಯ ಕೆಲಸ. ಆ ತಿರುಳನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಕಾರ್ಬನ್ ಡೈಸಲ್ಫೈಡ್ ಕೂಡಿಸಿದರೆ ಜೇನಿನಂಥ ಮಂದ ದ್ರವವಾಗುತ್ತದೆ. ಅದನ್ನು ಸಣ್ಣ ತೂತುಗಳ ಮೂಲಕ ಗಂಧಕಾಮ್ಲದ ತೊಟ್ಟಿಗೆ ಹಾಯಿಸಿದರೆ ಎಳೆ ಮೂಡುತ್ತದೆ. ರೇಯಾನ್ ಅಂಗಿಯ ಮೂಲ ಇದೇ. ಈ ಇಡೀ ಕೆಲಸಕ್ಕೆ ಎರಡು ಆಸರೆ ಬೇಕೇ ಬೇಕು: ಮುಗಿಯದ ಕಟ್ಟಿಗೆ, ಹರಿಯುವ ನೀರು.

ಜಗಳ ಹುಟ್ಟಿದ್ದೂ ಈ ಎರಡರ ಮೇಲೆಯೇ. ಮೊದಲು ನೀರು. ಕಾರ್ಖಾನೆಯಿಂದ ಹೊರಬಿದ್ದ ನೀರು ಹೊಳೆಯನ್ನು ಕೆಡಿಸುತ್ತಿದೆ, ಮೀನು ಸಾಯುತ್ತಿವೆ ಎಂದು ದಂಡೆಯ ಹಳ್ಳಿಯವರು ದೂರುತ್ತಲೇ ಇದ್ದರು. ಅಮೆರಿಕದಲ್ಲಿ ಕೆಲಸದಲ್ಲಿದ್ದ ಎಸ್.ಆರ್. ಹಿರೇಮಠರು 1979ರಲ್ಲಿ ಊರಿಗೆ ಮರಳಿ, ಇದೇ ತಾಲ್ಲೂಕಿನ ಮೆಡ್ಲೇರಿಯ ಸುತ್ತ ಗ್ರಾಮಾಭಿವೃದ್ಧಿಯ ಕೆಲಸಕ್ಕೆ ತೊಡಗಿದ್ದರು. ಆ ಬಳಗದಿಂದ ಸಮಾಜ ಪರಿವರ್ತನಾ ಸಮುದಾಯ ರೂಪುಗೊಂಡಿತು. 1984ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, ಜನ ಕಾರ್ಖಾನೆಯ ಮುಂದೆ ಸೇರಿದರು. ಮರುವರ್ಷ ಡಿಸೆಂಬರಿನಲ್ಲಿ ಸಮುದಾಯ ಹೈಕೋರ್ಟಿಗೆ ಹೋಯಿತು. ಅಲ್ಲಿ ಅದು ಬೊಟ್ಟು ಮಾಡಿದ್ದು ಮಾಲಿನ್ಯ ನಿಯಂತ್ರಣ ಮಂಡಳಿಯ ಕಡೆಗೆ. ಹೊಳೆಯನ್ನು ಕಾಯಬೇಕಾದವರು ಕಾಯಲಿಲ್ಲ ಎಂಬುದು ವಾದ. ನನಗೆ ಇದು ಬಹಳ ಮುಖ್ಯವಾಗಿ ಕಾಣುತ್ತದೆ. ಕಂಪನಿ ಹೇಗೆ ನಡೆಯುತ್ತದೆ ಎಂದು ತಿಳಿಯಬೇಕಾದರೆ ಕಂಪನಿಯ ಒಳಗಿನವರನ್ನಷ್ಟೇ ಕೇಳಿದರೆ ಸಾಲದು, ಅದಕ್ಕೆ ಪರವಾನಗಿ ಕೊಟ್ಟವರನ್ನೂ ಕೇಳಬೇಕು ಎಂದು ಆ ಜನ ಆಗಲೇ ಅರಿತಿದ್ದರು.

ಆಮೇಲೆ ಕಟ್ಟಿಗೆ. 1984ರಲ್ಲೇ ಸರ್ಕಾರ ಮತ್ತು ಈ ಕಂಪನಿ ಕೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಇನ್ನೊಂದು ಕಂಪನಿ ಕಟ್ಟಿದವು. ನೂರರಲ್ಲಿ 51 ಪಾಲು ಸರ್ಕಾರದ್ದು, 49 ಕಂಪನಿಯದು. ಧಾರವಾಡವೂ ಸೇರಿ ಕೆಲವು ಜಿಲ್ಲೆಗಳ 30,000 ಹೆಕ್ಟೇರ್, ಅಂದರೆ ಸುಮಾರು 75,000 ಎಕರೆ ಜಮೀನಿನಲ್ಲಿ ನೀಲಗಿರಿಯಂಥ ಬೇಗ ಬೆಳೆಯುವ ಮರ ಹಚ್ಚಿ ಕುಮಾರಪಟ್ಟಣಂಗೆ ಕಟ್ಟಿಗೆ ಒದಗಿಸುವುದು ಅದರ ಉದ್ದೇಶ. ಕಾಗದದ ಮೇಲೆ ಅದು ಪಡಾ ಜಮೀನು. ಹಳ್ಳಿಯವರಿಗೆ ಅದು ದನ ಮೇಯಿಸುವ ಗಾಯರಾಣ, ಉರವಲು ಆಯುವ ಗುಡ್ಡ, ಹೊಲವಿಲ್ಲದವರಿಗೆ ಇದ್ದ ಒಂದೇ ಆಸರೆ. ನೀಲಗಿರಿ ಎಲೆಗೆ ದನ ಬಾಯಿ ಹಾಕುವುದಿಲ್ಲ. ಊರ ನೆಲದಲ್ಲಿ ಬೆಳೆದದ್ದರಲ್ಲಿ ಊರಿಗೆ ಏನು ಸಿಗುತ್ತದೆ ಎಂಬ ಪ್ರಶ್ನೆಗೆ ಒಪ್ಪಂದದಲ್ಲಿ ಜನ ಒಪ್ಪುವಂಥ ಉತ್ತರವಿರಲಿಲ್ಲ.

ಈ ಜಮೀನಿನ ವಿಚಾರವಾಗಿ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯಲ್ಲಿ ಸಮುದಾಯದ ಜೊತೆ ಶಿವರಾಮ ಕಾರಂತರೂ ಇದ್ದರು. ಆಗ ಅವರಿಗೆ ಎಂಬತ್ತು ದಾಟಿತ್ತು. 1987ರ ಮಾರ್ಚ್‌ನಲ್ಲಿ ನ್ಯಾಯಾಲಯ ಭೂಮಿ ಹಸ್ತಾಂತರಕ್ಕೆ ತಡೆ ಕೊಟ್ಟಿತು. ಆದರೆ ಈ ಕಥೆಯಲ್ಲಿ ನನ್ನ ಮನಸ್ಸು ಹೋಗಿ ನಿಲ್ಲುವುದು ನ್ಯಾಯಾಲಯದಲ್ಲಿ ಅಲ್ಲ, ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ. ಅದೇ ವರ್ಷ ನವೆಂಬರ್ 14ರಂದು ಸುಮಾರು ಎರಡು ಸಾವಿರ ಜನ ಅಲ್ಲಿ ಕೂಡಿದರು. ‘ಕಿತ್ತಿಕೊ ಹಚ್ಚಿಕೊ’ ಎಂದು ಆ ಸತ್ಯಾಗ್ರಹಕ್ಕೆ ಹೆಸರು. ನೀಲಗಿರಿ ಸಸಿಗಳನ್ನು ಕಿತ್ತರು. ಕಿತ್ತ ಜಾಗದಲ್ಲಿ ಹಣ್ಣು, ಮೇವು ಕೊಡುವ ಗಿಡಗಳನ್ನು ಹಚ್ಚಿದರು. ಕೀಳುವುದಷ್ಟೇ ಆಗಿದ್ದರೆ ಅದು ಸಿಟ್ಟಿನ ಒಂದು ದಿನವಾಗಿ ಮುಗಿಯುತ್ತಿತ್ತು. ಹಚ್ಚಿದ್ದರಿಂದ ಈ ನೆಲ ಯಾವುದಕ್ಕೆ ಬೇಕು ಎಂಬುದಕ್ಕೆ ಊರಿನವರ ಉತ್ತರ ಅಲ್ಲೇ ನೆಟ್ಟು ನಿಂತಿತು. 1991ರಲ್ಲಿ ಸರ್ಕಾರ ಪಲ್ಪ್‌ವುಡ್ ಕಂಪನಿಯನ್ನೇ ಮುಚ್ಚಲು ತೀರ್ಮಾನಿಸಿತು.

ಹೀಗೆ ಕೇಳುವುದನ್ನು ಕಲಿತವರು ಅಲ್ಲಿಗೇ ಬಿಡಲಿಲ್ಲ. ಬಳ್ಳಾರಿಯ ಅದಿರು ಗಣಿಗಾರಿಕೆಯ ಮೇಲೆ 2009ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದ್ದು ಇದೇ ಸಮಾಜ ಪರಿವರ್ತನಾ ಸಮುದಾಯ. 2011ರ ಜುಲೈನಲ್ಲಿ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಮೆಡ್ಲೇರಿಯಲ್ಲಿ ಹುಟ್ಟಿದ ಒಂದು ರೂಢಿ ಅಷ್ಟು ದೂರ ಹೋಯಿತು. ನಮ್ಮ ಜಿಲ್ಲೆಯ ವಾಣಿಜ್ಯ ತರಗತಿಗಳಿಗೆ ಮಾತ್ರ ಅದು ಬರಲಿಲ್ಲ. ಪರ ಊರಿನ ಕಂಪನಿಗಳ ಉದಾಹರಣೆ ಓದುವ ಹುಡುಗರಿಗೆ ಬಸ್ಸಿನಲ್ಲಿ ತಾಸಿನ ದಾರಿಯ ಈ ಪ್ರಕರಣವನ್ನು ಯಾರೂ ಕಲಿಸುವುದಿಲ್ಲವಲ್ಲ ಎಂಬುದು ನನ್ನನ್ನು ನಿಜಕ್ಕೂ ನೋಯಿಸುತ್ತದೆ.

ಕೇಳಬೇಕಾದದ್ದು ಹಳೆಯದಾಗಿಯೂ ಇಲ್ಲ. ನಮ್ಮದೇ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿತು. ಅದರ ಕೆಂಪು ಬಣ್ಣ ಓಲಿಯೊರೆಸಿನ್ ಎಂಬ ಸಾರವಾಗಿ ಆಹಾರಕ್ಕೂ ಲಿಪ್‌ಸ್ಟಿಕ್ಕಿಗೂ ಸೇರುತ್ತದೆ. ಸೋಮವಾರ, ಗುರುವಾರ ಪೇಟೆಗೆ ಚೀಲಗಳು ಬರುತ್ತವೆ, ಖರೀದಿದಾರರು ಲಾಟ್ ನೋಡಿ ಟೆಂಡರ್ ಹಾಕುತ್ತಾರೆ. 2024ರ ಮಾರ್ಚ್ 11, ಸೋಮವಾರ, ದರ ಕುಸಿದದ್ದು ಕಂಡ ರೈತರು ಎಪಿಎಂಸಿ ಕಚೇರಿಗೆ, ವಾಹನಗಳಿಗೆ ಬೆಂಕಿ ಹಚ್ಚಿದರು. ಬೆಂಕಿಯನ್ನು ನಾನು ಒಪ್ಪಲಾರೆ. ಆದರೆ ಇವತ್ತಿನ ದರ ಯಾಕೆ ಹೀಗೆ ಎಂದು ರೈತ ಕೇಳಿದಾಗ ಅವನ ಮುಂದೆ ಕೂತು ಲೆಕ್ಕ ಬಿಡಿಸಿ ಹೇಳುವವರು ಇರಬೇಕಿತ್ತು. ವಿದ್ಯಾರ್ಥಿಗಳು ಎರಡು ಪೇಟೆ ದಿನ ದಲಾಲಿ ಅಂಗಡಿಯಲ್ಲಿ ಕೂತು ಆ ಲೆಕ್ಕ ಬರೆದುಕೊಂಡು ಬಂದರೆ ಅದೇ ಒಂದು ಒಳ್ಳೆಯ ಪ್ರಾಜೆಕ್ಟ್.

ರಾಣೆಬೆನ್ನೂರಿನ ಬೀಜೋತ್ಪಾದನೆಯೂ ಹಾಗೆಯೇ. ಹೈಬ್ರಿಡ್ ಟೊಮೆಟೊ ಬೀಜ ಬೇಕೆಂದರೆ ಹಿಂದಿನ ದಿನ ಮೊಗ್ಗು ಬಿಡಿಸಿ ಗಂಡು ಭಾಗ ತೆಗೆಯಬೇಕು, ಮರುದಿನ ಬೆಳಿಗ್ಗೆ ಬೇರೆ ಗಿಡದ ಪರಾಗ ಮುಟ್ಟಿಸಬೇಕು. ಒಂದೊಂದು ಹೂವಿಗೂ ಕೈ ಬೇಕು, ಆ ಕೈಗಳಲ್ಲಿ ಹೆಚ್ಚಿನವು ಹೆಂಗಸರವು. ಬೀಜ ಕಂಪನಿಗೆ ಸೇರಿದ ಮೇಲೆ ಮೊಳಕೆಯ ಪರೀಕ್ಷೆ, ತಳಿ ಶುದ್ಧತೆಯ ಪರೀಕ್ಷೆ. ಲಾಟ್ ಪಾಸಾಗದಿದ್ದರೆ ಬೆಳೆಗಾರನಿಗೆ ಬರುವ ರೊಕ್ಕ ಎಷ್ಟು, ಅಷ್ಟರಲ್ಲಿ ಕೂಲಿ ಕೊಟ್ಟಾಗಿರುತ್ತದಲ್ಲ, ಅದು ಯಾರ ತಲೆಯ ಮೇಲೆ? ಮ್ಯಾನೇಜರರಿಗೆ ಇದನ್ನು ಮೊದಲು ಕೇಳಿ, ಆಮೇಲೆ ಅದೇ ಪ್ರಶ್ನೆಯನ್ನು ಬೆಳೆಗಾರನಿಗೂ ಕೂಲಿಗೆ ಬರುವ ಅಕ್ಕಂದಿರಿಗೂ ಕೇಳಿ, ಮೂರೂ ಉತ್ತರಗಳನ್ನು ಒಂದೇ ಪುಟದಲ್ಲಿ ಬರೆಯಿರಿ.