ಗೋಧಿಯ ನಾಡಿನಲ್ಲಿ ಗೋಧಿ ತಿನ್ನದವಳು

‘ಇಟಲಿಗಾ? ಅಲ್ಲಿ ಈ ಹುಡುಗಿ ಏನು ತಿಂದು ಬದುಕುತ್ತಾಳೆ?’

ಪ್ರವಾಸದ ಸುದ್ದಿ ಹೇಳಿದಾಗ ನಮ್ಮ ಅತ್ತಿಗೆ ಕೇಳಿದ ಮೊದಲ ಪ್ರಶ್ನೆ ಇದು. ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಪಾಸ್ತಾ, ಪಿಜ್ಜಾ, ಬ್ರೆಡ್ಡು, ಇಟಲಿಯೆಂದರೆ ಗೋಧಿ. ನನ್ನ ಮಗಳಿಗೋ ಗೋಧಿಯೇ ವಿಷ. ಮೂರು ವರ್ಷ ಹೊಟ್ಟೆನೋವು, ಭೇದಿ, ರಕ್ತಹೀನತೆ ಎಂದು ಒಬ್ಬ ವೈದ್ಯರಿಂದ ಇನ್ನೊಬ್ಬರಲ್ಲಿಗೆ ಅಲೆದು, ಅವಳಿಗೆ ಒಂಬತ್ತು ತುಂಬಿದಾಗ ಅದು ಸೀಲಿಯಾಕ್ ಕಾಯಿಲೆ ಎಂದು ಗೊತ್ತಾಯಿತು. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಒಳಗೆ ಹೋದರೆ, ಇಂಥವರ ದೇಹದ ರಕ್ಷಣಾ ವ್ಯವಸ್ಥೆ ಸಣ್ಣಕರುಳಿನ ಒಳಪದರದ ಮೇಲೆಯೇ ತಿರುಗಿಬೀಳುತ್ತದೆ. ಇದಕ್ಕೆ ಮಾತ್ರೆಯಿಲ್ಲ. ಜೀವನಪರ್ಯಂತ ಪಥ್ಯವೇ ಔಷಧ.

ಮನೆಯಲ್ಲಿ ಹೆಚ್ಚು ಕಷ್ಟವಿಲ್ಲ. ಅಕ್ಕಿ, ರಾಗಿ, ಜೋಳ ಉಣ್ಣುವ ನಾಡು ನಮ್ಮದು. ಕಷ್ಟ ಶುರುವಾಗುವುದು ಹೊಸ್ತಿಲು ದಾಟಿದ ಮೇಲೆ. ಮದುವೆಮನೆಯಲ್ಲಿ ಪೂರಿ ಬಿಡಬಹುದು, ಸಾರಿಗೆ ಹಾಕಿದ ಇಂಗನ್ನು ಬಿಡುವುದು ಹೇಗೆ? ಅಂಗಡಿಯ ಇಂಗಿನ ಪುಡಿಗೆ ಎಷ್ಟೋ ಬಾರಿ ಗೋಧಿಹಿಟ್ಟು ಬೆರೆಸಿರುತ್ತಾರೆ ಎಂದರೆ ಬಡಿಸುವವರು ನಗುತ್ತಾರೆ. ‘ಒಂದು ಚೂರು ತಿಂದರೆ ಏನೂ ಆಗಲ್ಲ, ತಿನ್ನು ಪುಟ್ಟಿ’ ಎಂಬ ಮಾತು ಕೇಳಿ ಕೇಳಿ ಅವಳು ಸಮಾರಂಭಗಳಿಗೆ ಬರುವುದನ್ನೇ ಬಿಟ್ಟಿದ್ದಳು. ಇಟಲಿಗೆ ಹೊರಟಾಗಲೂ ಪೆಟ್ಟಿಗೆಯ ಅರ್ಧ ಭಾಗ ಅವಲಕ್ಕಿ, ರಾಗಿಹುರಿಹಿಟ್ಟು ತುಂಬಿಕೊಂಡಿದ್ದೆವು.

ಆ ಒಂದು ಮಾತನ್ನು ಮಾತ್ರ ಇಟಲಿಯಲ್ಲಿ ಯಾರೂ ಹೇಳಲಿಲ್ಲ.

ಮಿಲಾನ್ ನಗರದ ಮೊದಲ ಮಧ್ಯಾಹ್ನ, ಬಾಯಿಪಾಠ ಮಾಡಿಕೊಂಡಿದ್ದ ವಾಕ್ಯವನ್ನು ಮಗಳು ಅಳುಕುತ್ತಲೇ ಹೇಳಿದಳು: ‘ಸೋನೊ ಚೆಲೀಯಕಾ’. ನಾನು ಸೀಲಿಯಾಕ್ ರೋಗಿ ಎಂದರ್ಥ. (ಗಂಡಸರು ‘ಚೆಲೀಯಕೊ’ ಎನ್ನಬೇಕು.) ನಡುವಯಸ್ಸಿನ ಆ ಪರಿಚಾರಕ ಹುಬ್ಬೇರಿಸಲಿಲ್ಲ, ಮರುಕ ತೋರಲಿಲ್ಲ. ತಲೆಯಾಡಿಸಿ, ಮೇಜಿನ ಮೇಲಿದ್ದ ಬ್ರೆಡ್ಡಿನ ಬುಟ್ಟಿ ಎತ್ತಿಕೊಂಡು ಹೋಗಿ, ಮೇಜನ್ನು ಒರೆಸಿ, ಬೇರೊಂದು ಪಟ್ಟಿ ತಂದುಕೊಟ್ಟ. ನಮ್ಮಲ್ಲಿ ಸಕ್ಕರೆ ಕಾಯಿಲೆಯವರಿಗೆ ಸಕ್ಕರೆಯಿಲ್ಲದ ಕಾಫಿ ಕೊಡುವಷ್ಟೇ ಸಹಜವಾಗಿ.

ಇದಕ್ಕೆ ಹಿನ್ನೆಲೆಯಿದೆ. ಇಟಲಿಯ ಸೀಲಿಯಾಕ್ ಸಂಘ ಹುಟ್ಟಿದ್ದು 1979ರಲ್ಲಿ. 2005ರ ಕಾನೂನು ಈ ಕಾಯಿಲೆಯನ್ನು ಸಾಮಾಜಿಕ ರೋಗವೆಂದು ಗುರುತಿಸಿತು. ಅದರ ಪ್ರಕಾರ ಶಾಲೆ, ಆಸ್ಪತ್ರೆಗಳ ಊಟದ ಮನೆಗಳಲ್ಲಿ ಕೇಳಿದವರಿಗೆ ಗ್ಲುಟೆನ್ ಇಲ್ಲದ ಊಟ ಕೊಡಲೇಬೇಕು. ರೋಗ ಖಚಿತವಾದವರಿಗೆ ವಿಶೇಷ ಆಹಾರ ಕೊಳ್ಳಲು ಸರ್ಕಾರವೇ ತಿಂಗಳಿಗಿಷ್ಟೆಂದು ನೆರವು ಕೊಡುತ್ತದೆ. ಮಕ್ಕಳಲ್ಲಿ ರೋಗವನ್ನು ಮೊದಲೇ ಪತ್ತೆಹಚ್ಚುವ ತಪಾಸಣೆಗೆಂದು 2023ರಲ್ಲಿ ಇನ್ನೊಂದು ಕಾನೂನು ಬಂತು. ಅನ್ನವಿಲ್ಲದ ಊಟ ಊಟವೇ ಅಲ್ಲ ಎನ್ನುವವರಿಗೆ ಅನ್ನ ಉಣ್ಣಲಾಗದವರ ಸಂಕಟ ಬೇಗ ತಿಳಿಯುತ್ತದೇನೋ. ಇದು ನನ್ನ ಊಹೆ ಮಾತ್ರ.

ಮಿಲಾನಿನ ಊಟ ನಮಗೆ ಒಗ್ಗಿತು. ಸುತ್ತಲಿನ ಪೋ ನದಿಯ ಬಯಲು ಭತ್ತದ ಸೀಮೆ. ಕೇಸರಿ ಹಾಕಿದ ಹಳದಿ ರಿಸೊಟ್ಟೊ ಅನ್ನವೇ ತಾನೆ? ಆದರೂ ಕೇಳದೆ ತಿನ್ನುವಂತಿಲ್ಲ. ಅದನ್ನು ಬೇಯಿಸುವ ‘ಬ್ರೋದೊ’, ಅಂದರೆ ಕಟ್ಟು, ಅಂಗಡಿಯ ತುಂಡಿನಿಂದ ಮಾಡಿದ್ದಾದರೆ ಅದರಲ್ಲಿ ಗೋಧಿ ಇರಬಹುದು. (ಅದು ಸಾಮಾನ್ಯವಾಗಿ ಮಾಂಸದ ಕಟ್ಟು, ಸಸ್ಯಾಹಾರಿಗಳು ಇನ್ನೊಂದು ಪ್ರಶ್ನೆ ಸೇರಿಸಿಕೊಳ್ಳಬೇಕು.) ರಿಸೊಟ್ಟೊ ಜೊತೆಗೆ ಬಡಿಸುವ ‘ಒಸ್ಸೊಬೂಕೊ’ ಎಂಬ ಮಾಂಸದ ತುಂಡನ್ನು ಹುರಿಯುವ ಮೊದಲು ಹಿಟ್ಟಿನಲ್ಲಿ ಹೊರಳಿಸುವುದು ರೂಢಿ. ಆಲೂಗಡ್ಡೆಯ ‘ನ್ಯೋಕ್ಕಿ’ಯಲ್ಲೂ ಹಿಟ್ಟಿರುತ್ತದೆ. ಕಾಫಿ ಒಗ್ಗದವರು ಕುಡಿಯುವ ‘ಓರ್ಜೊ’ ಕಾಫಿಯಂತೂ ಬಾರ್ಲಿಯದ್ದೇ. ಹೆಸರು ತಿಳಿಯದಿದ್ದರೆ ಲೋಟದಲ್ಲೇ ಮೋಸ.

ಕೇಳಬೇಕಾದ ಪದ ‘ಸೆಂತ್ಸಾ ಗ್ಲೂತಿನೆ’, ಅಂದರೆ ಗ್ಲುಟೆನ್ ಇಲ್ಲದ್ದು. ‘ಸೆಂತ್ಸಾ ಫರೀನಾ’, ಹಿಟ್ಟಿಲ್ಲದ್ದು, ಎಂದರೆ ಸಾಲದು. ಪೊಟ್ಟಣಗಳ ಮೇಲೆ ಅಡ್ಡಗೀಟು ಹೊಡೆದ ಗೋಧಿತೆನೆಯ ಗುರುತು ಕಂಡರೆ ಧೈರ್ಯವಾಗಿ ಕೊಳ್ಳಬಹುದು. ಯುರೋಪಿನ ನಿಯಮದಂತೆ ‘ಗ್ಲುಟೆನ್ ರಹಿತ’ ಎಂದು ಬರೆದ ಪದಾರ್ಥದಲ್ಲಿ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಕೂಡದು. ಇಂಥ ಬ್ರೆಡ್ಡು, ಬಿಸ್ಕತ್ತು ಅಲ್ಲಿ ಔಷಧದ ಅಂಗಡಿಗಳಲ್ಲೂ ಸಿಗುತ್ತವೆ.

ಇಷ್ಟೆಲ್ಲ ಕಲಿತ ಮೇಲೂ ಬೊಲೋನ್ಯಾದಲ್ಲಿ ಎಡವಿದೆವು. ವೇಗದ ರೈಲಿನಲ್ಲಿ ಮಿಲಾನಿನಿಂದ ಒಂದು ಗಂಟೆಯ ದಾರಿ. ಕಮಾನು ಸಾಲುಗಳ ಕೆಳಗೆ ಅಲೆದು ಹಸಿದಿದ್ದೆವು. ಒಂದು ಖಾನಾವಳಿಯ ಪಟ್ಟಿಯಲ್ಲಿ ‘ಸೆಂತ್ಸಾ ಗ್ಲೂತಿನೆ’ ಎಂದು ಕಂಡದ್ದೇ ತಡ, ಹೊಕ್ಕೆವು. ಮೆಕ್ಕೆಜೋಳ, ಅಕ್ಕಿಯಿಂದ ಮಾಡಿದ ಪಾಸ್ತಾ ಬಂತು, ರುಚಿಯಾಗಿತ್ತು. ರಾತ್ರಿ ಹನ್ನೊಂದಕ್ಕೆ ಮಗಳಿಗೆ ವಾಂತಿ ಶುರುವಾಯಿತು. ಬೆಳಗಿನ ಜಾವದವರೆಗೆ ಹೋಟೆಲಿನ ಬಚ್ಚಲುಮನೆಯ ನೆಲದ ಮೇಲೆ ಅವಳ ತಲೆ ಹಿಡಿದುಕೊಂಡು ಕೂತಿದ್ದೆ. ಪಾಸ್ತಾ ಸರಿಯಾಗಿಯೇ ಇದ್ದಿರಬೇಕು. ಅದನ್ನು ಬೇಯಿಸಿದ ನೀರು ಯಾವುದೆಂದು ನಾವು ಕೇಳಿರಲಿಲ್ಲ. ಗೋಧಿ ಪಾಸ್ತಾ ಬೆಂದ ನೀರಿನಲ್ಲೇ ಇದನ್ನೂ ಬೇಯಿಸಿದರೆ ಮುಗಿಯಿತು. ಪಿಜ್ಜಾ ಅಂಗಡಿಯ ಗಾಳಿಯಲ್ಲಿ ಹಾರುವ ಹಿಟ್ಟು, ಹೋಟೆಲಿನ ತಿಂಡಿಮನೆಯಲ್ಲಿ ಎಲ್ಲರೂ ಬಳಸುವ ಟೋಸ್ಟರು, ಕರಿಯುವ ಎಣ್ಣೆ, ಎಲ್ಲಕ್ಕೂ ಇದೇ ಲೆಕ್ಕ. ಅಡುಗೆಯವರಿಗೆ ಈ ಬಗ್ಗೆ ತರಬೇತಿ ಕೊಟ್ಟು, ಅಂಥ ಹೋಟೆಲುಗಳ ಪಟ್ಟಿಯನ್ನು ಆ ಸಂಘವೇ ಇಟ್ಟುಕೊಂಡಿದೆ, ಸಾವಿರಾರು ಹೆಸರುಗಳಿವೆ. ಹಸಿವಿನ ಅವಸರದಲ್ಲಿ ನಾವು ಅದನ್ನು ತೆಗೆದು ನೋಡಿರಲಿಲ್ಲ.

ಮರುದಿನ ಬಾಳೆಹಣ್ಣು, ನಮ್ಮ ಅವಲಕ್ಕಿ. ಅದರ ಮರುದಿನ ಗಡಿಯಾಚೆಯ ಲುಗಾನೊ. ಸ್ವಿಟ್ಜರ್ಲೆಂಡಿನ ಊರಾದರೂ ಮಾತು ಇಟಾಲಿಯನ್ನೇ, ಹಾಗಾಗಿ ನಮ್ಮ ಮೂರು ವಾಕ್ಯಗಳು ಅಲ್ಲೂ ಚಲಾವಣೆಯಾದವು. ದುಬಾರಿ ಊರು. ಆದರೆ ಅಲ್ಲಿ ತಿಂದ ‘ಪೊಲೆಂಟಾ’ ಮರೆಯುವಂತಿಲ್ಲ. ಮೆಕ್ಕೆಜೋಳದ ಹಿಟ್ಟನ್ನು ಕುದಿನೀರಿಗೆ ಸುರಿದು, ಮರದ ಕೋಲಿನಿಂದ ತಿರುವಿ ತಿರುವಿ ಬೇಯಿಸುವ ಈ ಖಾದ್ಯ ನಮ್ಮ ಮುದ್ದೆಯ ದಾಯಾದಿ. ಎರಡು ದಿನದ ಮೇಲೆ ಮಗಳು ಹೊಟ್ಟೆ ತುಂಬ ಉಂಡಳು.

ಕೊನೆಯ ಸಂಜೆ ಮತ್ತೆ ಮಿಲಾನ್. ಐಸ್‌ಕ್ರೀಮಿನ ಅಂಗಡಿಯಲ್ಲಿ ಮಗಳು ವಾಡಿಕೆಯಂತೆ ಬಟ್ಟಲಿನ ಕಡೆ ಬೆರಳು ತೋರಿಸಿ ತನ್ನ ವಾಕ್ಯ ಹೇಳಿದಳು. ಅಂಗಡಿಯ ಹುಡುಗಿ ಕೈ ತೊಳೆದಳು, ಬೇರೆ ಚಮಚ ತೆಗೆದಳು, ಒಳಗಿನಿಂದ ಯಾರೂ ಮುಟ್ಟದ ಹೊಸ ಡಬ್ಬಿ ತಂದಳು. ಆಮೇಲೆ ಪ್ರತ್ಯೇಕ ಪೊಟ್ಟಣವೊಂದನ್ನು ಎತ್ತಿ ತೋರಿಸಿ, ‘ಕೋನೊ?’ ಎಂದಳು. ಪೊಟ್ಟಣದ ಮೇಲೆ ಅಡ್ಡಗೀಟಿನ ತೆನೆ ಇತ್ತು.

ಮಗಳಿಗೆ ಈಗ ಇಪ್ಪತ್ತೆರಡು. ಒಂಬತ್ತರ ನಂತರ ಅವಳು ಕೋನ್ ಹಿಡಿದದ್ದನ್ನು ನಾನು ನೋಡಿರಲಿಲ್ಲ. ಕ್ಯಾಥೆಡ್ರಲ್ ಎದುರಿನ ಬಯಲಿನಲ್ಲಿ ನಿಂತು, ಐಸ್‌ಕ್ರೀಮು ಕೈಮೇಲೆ ಇಳಿಯುತ್ತಿದ್ದರೂ ಅವಸರ ಮಾಡದೆ, ಕೋನಿನ ಕೊನೆಯ ಚೂರಿನವರೆಗೂ ತಿಂದಳು.

‘ಅಮ್ಮ, ಇನ್ನೊಂದು ತಗೊಳ್ಳಲಾ?’ ಎಂದಳು. ನಾನು ಚೀಲದಲ್ಲಿ ಚಿಲ್ಲರೆ ಹುಡುಕತೊಡಗಿದೆ.