ಹಸಿರು ಹೊಳೆದಲ್ಲೆಲ್ಲ ದ್ವಾರವಿದೆಯೆ?

ವಿಜ್ಞಾನದ ಸಂವಾದಗಳಲ್ಲಿ ಜೀವಕೋಶದ ಚಿತ್ರ ತೆರೆಯ ಮೇಲೆ ಬಂದಾಗ ನೀವು ಗಮನಿಸಿರಬಹುದು. ಕಪ್ಪು ಹಿನ್ನೆಲೆಯಲ್ಲಿ ಅಲ್ಲಲ್ಲಿ ಹಸಿರು ಚುಕ್ಕೆಗಳು ಹೊಳೆಯುತ್ತವೆ. ‘ಹಸಿರು ಕಂಡಲ್ಲೆಲ್ಲ ಕ್ಯಾಲ್ಸಿಯಂ ದ್ವಾರಗಳಿವೆ’ ಎಂದು ತಜ್ಞರು ವಿವರಿಸುತ್ತಾರೆ. ಚಿತ್ರ ಸೊಗಸಾಗಿದೆ, ನಿಜ. ಆದರೆ ಅದು ಅವರಿಗೆ ಹೇಗೆ ಗೊತ್ತಾಯಿತು?

ಕ್ಯಾಲ್ಸಿಯಂ ಎಂದೊಡನೆ ನಮಗೆ ರಾಗಿ, ಹಾಲು, ಮೂಳೆಗಳು ನೆನಪಾಗುತ್ತವೆ. ಜೀವಕೋಶಕ್ಕೆ ಅದು ಒಂದು ಸಂಕೇತವೂ ಹೌದು. ಮುಕ್ತ ಕ್ಯಾಲ್ಸಿಯಂ ಅಯಾನುಗಳ ಸಾಂದ್ರತೆ ಕೋಶದ ಒಳಗಿಗಿಂತ ಹೊರಗೆ ಸುಮಾರು 10,000 ಪಟ್ಟು ಹೆಚ್ಚು. ಕೋಶಪೊರೆಯಲ್ಲಿರುವ ಪ್ರೋಟೀನಿನ ದ್ವಾರಗಳು ವಿದ್ಯುತ್ ಸ್ಥಿತಿ ಬದಲಾದೊಡನೆ ತೆರೆಯುತ್ತವೆ, ಅಯಾನುಗಳು ಒಳನುಗ್ಗುತ್ತವೆ. ಆಗ ಹೃದಯದ ಸ್ನಾಯು ಸಂಕುಚಿಸುತ್ತದೆ, ನರದ ತುದಿ ಸಂದೇಶ ರವಾನಿಸುತ್ತದೆ. ರಕ್ತದೊತ್ತಡಕ್ಕೆಂದು ಅನೇಕರು ನುಂಗುವ ಅಮ್ಲೋಡಿಪಿನ್ ಮಾತ್ರೆ ಇಂಥ ದ್ವಾರಗಳನ್ನೇ ತಡೆದು ರಕ್ತನಾಳಗಳನ್ನು ಸಡಿಲಿಸುತ್ತದೆ.

ವಿದ್ಯುತ್ತಿಗೆ ಸ್ಪಂದಿಸುವ ಈ ದ್ವಾರಗಳ ಮುಖ್ಯ ಭಾಗವನ್ನು ರೂಪಿಸುವ ವಂಶವಾಹಿಗಳು ಸಸ್ತನಿಗಳಲ್ಲಿ 10 ಇವೆ. ಹೃದಯದ ಸ್ನಾಯುವಿನಲ್ಲಿ ಕ್ಯಾವ್ 1.2 ಪ್ರಧಾನವಾದರೆ, ಒಳಕಿವಿಯ ರೋಮಕೋಶಗಳಲ್ಲಿ ಕ್ಯಾವ್ 1.3. ಎರಡೂ ಒಡಹುಟ್ಟಿದವರಂತೆ ಒಂದನ್ನೊಂದು ಹೋಲುತ್ತವೆ. ಯಾವುದು ಎಲ್ಲಿದೆಯೆಂದು ತಿಳಿಯದಿದ್ದರೆ ಒಂದನ್ನು ತಡೆದು ಇನ್ನೊಂದನ್ನು ಬಿಡುವ ಔಷಧಿಯ ಹುಡುಕಾಟವೇ ದಿಕ್ಕು ತಪ್ಪುತ್ತದೆ.

ಇಲ್ಲಿ ನೆರವಿಗೆ ಬರುವುದು ಪ್ರತಿಕಾಯ. ಇದು ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನು. ತನಗೆ ಹೊಂದುವ ಆಕಾರ ಸಿಕ್ಕಿದರೆ ಅಂಟಿಕೊಳ್ಳುವುದು ಅದರ ಸ್ವಭಾವ. ದ್ವಾರದ ಮುಖ್ಯ ಪ್ರೋಟೀನು ಸುಮಾರು 2,000 ಅಮೈನೊ ಆಮ್ಲಗಳ ಸರಪಳಿ. ಅದರಲ್ಲಿ ಸೋದರ ದ್ವಾರಗಳಲ್ಲಿಲ್ಲದ 15-20 ಕೊಂಡಿಗಳ ತುಣುಕೊಂದನ್ನು ಆರಿಸಿ, ಕೃತಕವಾಗಿ ತಯಾರಿಸಿ ಮೊಲಕ್ಕೆ ಚುಚ್ಚುತ್ತಾರೆ. ಕೆಲವು ವಾರಗಳ ನಂತರ ಮೊಲದ ರಕ್ತದಿಂದ ಪ್ರತಿಕಾಯವನ್ನು ಬೇರ್ಪಡಿಸಿ ಅಂಗಾಂಶದ ತೆಳುಪದರದ ಮೇಲೆ ಹಾಕುತ್ತಾರೆ. ಅದು ಅಂಟಿದ ಜಾಗವನ್ನು, ಹೊಳೆಯುವ ಬಣ್ಣ ಹೊತ್ತ ಎರಡನೆಯ ಪ್ರತಿಕಾಯ ತೋರಿಸಿಕೊಡುತ್ತದೆ. ನೀವು ಕಂಡ ಹಸಿರು ಅದೇ.

ಅಂದರೆ ನಾವು ನೋಡುವುದು ದ್ವಾರವನ್ನಲ್ಲ, ಪ್ರತಿಕಾಯದ ಸಾಕ್ಷ್ಯವನ್ನು. ಸಾಕ್ಷಿಯನ್ನು ಪಾಟೀಸವಾಲಿಗೆ ಒಳಪಡಿಸದೆ ತೀರ್ಪು ಕೊಡಬಹುದೆ?

ಮೊದಲ ಪರೀಕ್ಷೆ ಸುಲಭ. ಮೊಲಕ್ಕೆ ಚುಚ್ಚಿದ ತುಣುಕನ್ನೇ ಪ್ರತಿಕಾಯದೊಂದಿಗೆ ಮೊದಲೇ ಬೆರೆಸುತ್ತಾರೆ. ಅದರ ಹಿಡಿತ ತುಣುಕಿನಿಂದಲೇ ತುಂಬಿಹೋಗುವುದರಿಂದ ಹಸಿರು ಮಾಯವಾಗಬೇಕು. ಆದರೆ ಇಷ್ಟರಿಂದ ಪ್ರತಿಕಾಯಕ್ಕೆ ಆ ತುಣುಕಿನ ಗುರುತಿದೆ ಎಂದಷ್ಟೇ ಗೊತ್ತಾಗುತ್ತದೆ. ಅಂಥದೇ ಆಕಾರವಿರುವ ಬೇರೊಂದು ಪ್ರೋಟೀನಿಗೆ ಅದು ಅಂಟಿದ್ದರೂ ಹಸಿರು ಹೀಗೆಯೇ ಮಾಯವಾಗುತ್ತದೆ.

ನಿಜವಾದ ಒರೆಗಲ್ಲು ಬೇರೆ. 2000ದಲ್ಲಿ ವಿಜ್ಞಾನಿಗಳು ಕ್ಯಾವ್ 1.3ರ ವಂಶವಾಹಿ ಕೆಲಸ ಮಾಡದ ಇಲಿಗಳ ವಿವರ ಪ್ರಕಟಿಸಿದರು. ಅವು ಬದುಕುತ್ತವೆ, ಆದರೆ ಹುಟ್ಟುಕಿವುಡು. ಹೃದಯದ ಬಡಿತವೂ ನಿಧಾನ. ಇಂಥ ಇಲಿಯ ಒಳಕಿವಿಯಲ್ಲಿ ಕ್ಯಾವ್ 1.3 ದ್ವಾರವೇ ಇಲ್ಲ. ಅಲ್ಲಿಯೂ ಹಸಿರು ಹೊಳೆದರೆ ಪ್ರತಿಕಾಯ ಸುಳ್ಳು ಸಾಕ್ಷಿ ಹೇಳುತ್ತಿದೆ ಎಂದೇ ಅರ್ಥ. ಕ್ಯಾವ್ 1.2 ಸಂಪೂರ್ಣವಾಗಿ ಇಲ್ಲದ ಇಲಿ ಗರ್ಭದಲ್ಲೇ ಸಾಯುತ್ತದೆ. ಆದ್ದರಿಂದ ಆ ದ್ವಾರದ ಪರೀಕ್ಷೆಗೆ ಒಂದೇ ಅಂಗದಲ್ಲಿ ಅದನ್ನು ತೆಗೆದುಹಾಕಿದ ಇಲಿಗಳು ಬೇಕು.

ಇಷ್ಟು ಎಚ್ಚರ ಅತಿಯಾಯಿತು ಎನ್ನುವಿರಾ? ದ್ವಾರಗಳ ಸಂಶೋಧನೆಯಾಚೆಗಿನ ಒಂದು ಪ್ರಸಂಗ ಕೇಳಿ. ಟೊರಾಂಟೊದ ಸಂಶೋಧಕರ ತಂಡವೊಂದು ಮೇದೋಜೀರಕ ಗ್ರಂಥಿಯ ಕ್ಯಾನ್ಸರನ್ನು ಸೂಚಿಸುವ ಪ್ರೋಟೀನು ಸಿಕ್ಕಿತೆಂದು ಆಶೆಪಟ್ಟಿತ್ತು. ಕೊನೆಗೆ ನೋಡಿದರೆ, ಕೊಂಡುತಂದ ಕಿಟ್‌ನ ಪ್ರತಿಕಾಯ ಹಿಡಿಯುತ್ತಿದ್ದುದು ಬೇರೊಂದು ಪ್ರೋಟೀನನ್ನು! ಎರಡು ವರ್ಷ, 5 ಲಕ್ಷ ಡಾಲರ್ ಮತ್ತು ಸಾವಿರಾರು ರೋಗಿಗಳ ಮಾದರಿಗಳು ವ್ಯರ್ಥವಾದವು. 2015ರಲ್ಲಿ ‘ನೇಚರ್’ ಪತ್ರಿಕೆ ಇದನ್ನು ವರದಿ ಮಾಡಿತು. ಹಣವನ್ನು ಮತ್ತೆ ಹೊಂದಿಸಬಹುದು. ರೋಗಿಗಳು ನಂಬಿ ಕೊಟ್ಟ ರಕ್ತವನ್ನು ಮತ್ತೆ ಕೇಳುವುದು ಹೇಗೆ?

ಮುಂದಿನ ಬಾರಿ ತೆರೆಯ ಮೇಲೆ ಹಸಿರು ಚುಕ್ಕೆಗಳು ಮಿನುಗಿದಾಗ ಮೆಚ್ಚಿಕೊಳ್ಳಿ. ಜೊತೆಗೆ ಈ ಪ್ರಶ್ನೆಯನ್ನೂ ಕೇಳಿ: ‘ದ್ವಾರವೇ ಇಲ್ಲದ ಕೋಶದಲ್ಲಿ ಈ ಚಿತ್ರ ಹೇಗೆ ಕಾಣುತ್ತದೆ?’ ಒಳ್ಳೆಯ ವಿಜ್ಞಾನಿಯ ಬಳಿ ಆ ಎರಡನೆಯ, ಬರಿಯ ಕಪ್ಪು ಚಿತ್ರವೂ ಇರುತ್ತದೆ.